ಮೊಮ್ಮಕ್ಕಳನ್ನು ಬಾಲಮಂದಿರಕ್ಕೆ ಬಿಡದೆ ಸಾಕಲು ನೆರವು ಸಿಗುತ್ತದೆಯೇ?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯವಳು, ವಯಸ್ಸು 66. ಓದು ಬರಹ ಬಾರದು, ಪಕ್ಕದ ಮನೆ ಹುಡುಗಿಯ ಕೈಯಲ್ಲಿ ಇದನ್ನು ಬರೆಸುತ್ತಿದ್ದೇನೆ. ಯಜಮಾನರು ಹೋಗಿ ಹತ್ತು ವರ್ಷವಾಯಿತು. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಮಗ ಒಂದೂವರೆ ವರ್ಷದ ಹಿಂದೆ ಕಟ್ಟಡದಿಂದ ಬಿದ್ದು ತೀರಿಕೊಂಡ. ಸೊಸೆ ಮೂರೂ ಮಕ್ಕಳನ್ನು ನನ್ನ ಹತ್ತಿರ ಬಿಟ್ಟು ಅಲ್ಲೇ ಗಾರ್ಮೆಂಟ್ಸ್‌ಗೆ ಹೋದಳು. ಮೊದಮೊದಲು ತಿಂಗಳಿಗೆ ಎರಡು ಮೂರು ಸಾವಿರ ಕಳಿಸುತ್ತಿದ್ದಳು, ಯುಗಾದಿಯಿಂದ ಈಚೆಗೆ ಹಣವೂ ಇಲ್ಲ, ಫೋನೂ ಸ್ವಿಚ್ ಆಫ್. ದೊಡ್ಡವಳಿಗೆ 14, ಒಂಬತ್ತನೇ ತರಗತಿ. ಹುಡುಗನಿಗೆ 9. ಬೆಂಗಳೂರಿನ ಶಾಲೆಯಿಂದ ಟಿಸಿ ಬಂದಿಲ್ಲವೆಂದು ಅವನ ಹೆಸರು ಹಚ್ಚಿಲ್ಲ, ಸುಮ್ಮನೆ ಹೋಗಿ ಕೂತು ಬರುತ್ತಾನೆ. ಚಿಕ್ಕವಳಿಗೆ 4, ಅಂಗನವಾಡಿಗೆ ಹೋಗುತ್ತಾಳೆ. ನನಗೆ ಬರುವುದು ಸಂಧ್ಯಾ ಸುರಕ್ಷಾದ 1,200 ರೂಪಾಯಿ, ಮತ್ತೆ ಕಳೆ ತೆಗೆಯುವ ಕೂಲಿ. ಮಕ್ಕಳನ್ನು ಬಾಲಮಂದಿರಕ್ಕೆ ಹಾಕು, ತಲೆಗೆ ನಾಲ್ಕು ಸಾವಿರ ನಿನ್ನ ಖಾತೆಗೆ ಬರುತ್ತದೆ ಅನ್ನುತ್ತಾರೆ ಕೆಲವರು. ಆಫೀಸಿನ ಕಡೆ ತಲೆ ಹಾಕಿದರೆ ಮಕ್ಕಳನ್ನು ಕಿತ್ತುಕೊಂಡು ಹೋಗುತ್ತಾರೆ ಅನ್ನುತ್ತಾರೆ ಇನ್ನು ಕೆಲವರು. ದಾವಣಗೆರೆಯ ಮಕ್ಕಳಿಲ್ಲದ ದಂಪತಿ ಚಿಕ್ಕವಳನ್ನು ಬಾಂಡ್ ಪೇಪರ್ ಮೇಲೆ ಬರೆಸಿಕೊಂಡು ಸಾಕುತ್ತಾರಂತೆ. ದೊಡ್ಡವಳಿಗೆ ಗಂಡು ನೋಡೋಣ ಅನ್ನುತ್ತಿದ್ದಾನೆ ನನ್ನ ಮೈದುನ. ದೇಶದಲ್ಲಿ ಮಕ್ಕಳಿಗೆ ಇಷ್ಟೊಂದು ಯೋಜನೆ ಇವೆ ಎಂದು ಟಿವಿಯಲ್ಲಿ ಹೇಳುತ್ತಾರೆ, ನಮ್ಮ ಮನೆಗೆ ಒಂದೂ ಯಾಕೆ ಬರಲಿಲ್ಲ? ನಾನು ಏನು ಮಾಡಲಿ ಸಾರ್?

ಉತ್ತರ: ತಾಯಿ, ನಿಮ್ಮ ಪತ್ರವನ್ನು ಮೊದಲ ಸಲ ಓದಿದಾಗ ಅದರಲ್ಲಿ ಐದಾರು ಪ್ರಶ್ನೆಗಳು ಕಂಡವು. ಎರಡನೆಯ ಸಲ ಓದಿದಾಗ ಇರುವುದು ಒಂದೇ ಎಂದು ತಿಳಿಯಿತು. ಮೂವರೂ ಮಕ್ಕಳು ಒಂದೇ ಸೂರಿನ ಕೆಳಗೆ ನಿಮ್ಮ ಜೊತೆಯಲ್ಲೇ ಉಳಿಯಬಹುದೇ, ಅದಕ್ಕೆ ಯಾರಾದರೂ ಹೆಗಲು ಕೊಡುತ್ತಾರೆಯೇ ಎಂಬುದೇ ಆ ಪ್ರಶ್ನೆ. ಉಳಿಯಬಹುದು. ಕಾನೂನು ನಿಮ್ಮ ಪರವಾಗಿದೆ, ಹಣದ ಯೋಜನೆಯೂ ಇದೆ. ಚಿತ್ರದುರ್ಗ ಮತ್ತು ದಾವಣಗೆರೆಯ ಕಡೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳ ರಕ್ಷಣೆಯ ಕೆಲಸ ಮಾಡಿ, ಕೆಲವು ವರ್ಷ, ರಕ್ಷಣೆ ಬೇಕಾದ ಮಗು ಎಲ್ಲಿ ಯಾರ ಹತ್ತಿರ ಇರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯೊಂದರಲ್ಲಿ ಸದಸ್ಯನಾಗಿಯೂ ಕುಳಿತು ಎದ್ದವನಾಗಿ ಈ ಮಾತು ಹೇಳುತ್ತಿದ್ದೇನೆ. ಆದರೆ ಕಾನೂನಾಗಲಿ ಹಣವಾಗಲಿ ತಾವಾಗಿ ನಿಮ್ಮ ಹೊಸ್ತಿಲಿನವರೆಗೆ ನಡೆದು ಬರುವ ವ್ಯವಸ್ಥೆ ಇನ್ನೂ ಆಗಿಲ್ಲ ಎಂಬುದೂ ಅಷ್ಟೇ ನಿಜ.

ನಾಲ್ಕು ಸಾವಿರದ ಮಾತಿನಲ್ಲಿ ಅರ್ಧ ಸತ್ಯವಿದೆ, ಉಳಿದರ್ಧ ತಲೆಕೆಳಗಾಗಿದೆ. ಆ ಹಣ ಬಾಲಮಂದಿರಕ್ಕೆ ಸೇರಿದ ಮಗುವಿನ ಮನೆಯವರಿಗೆ ಕೊಡುವುದಲ್ಲ. ಮಗು ಬಾಲಮಂದಿರಕ್ಕೆ ಸೇರುವ ಪರಿಸ್ಥಿತಿಯೇ ಬಾರದಿರಲಿ ಎಂದು, ಮನೆಯಲ್ಲೇ ಬೆಳೆಯುತ್ತಿರುವ ಮಗುವಿಗೆ ಕೊಡುವ ನೆರವು ಅದು. ಇದಕ್ಕೆ ಪ್ರಾಯೋಜಕತ್ವ ಎಂದು ಹೆಸರು. ಮೊದಲು ತಿಂಗಳಿಗೆ 2,000 ರೂಪಾಯಿ ಇದ್ದುದನ್ನು ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿ 4,000ಕ್ಕೆ ಏರಿಸಿತು. ತಾಯಿ ವಿಧವೆಯಾಗಿದ್ದರೆ, ವಿಚ್ಛೇದಿತೆಯಾಗಿದ್ದರೆ ಅಥವಾ ಮನೆಯವರಿಂದ ಕೈಬಿಟ್ಟವಳಾಗಿದ್ದರೆ, ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳು ಬಂಧುಗಳ ಆಶ್ರಯದಲ್ಲಿದ್ದರೆ, ಹೆತ್ತವರು ಮಾರಕ ಕಾಯಿಲೆಗೋ ಅಂಗವೈಕಲ್ಯಕ್ಕೋ ಸಿಲುಕಿ ದುಡಿಯಲಾರದಂತಾಗಿದ್ದರೆ ಮಕ್ಕಳು ಇದಕ್ಕೆ ಅರ್ಹರು. ಮಗುವಿಗೆ 18 ತುಂಬುವವರೆಗೆ ಕೊಡಲು ಅವಕಾಶವಿದೆ, ಆದರೆ ಶಾಲೆಯ ವಯಸ್ಸಿನ ಮಗು ಶಾಲೆಗೆ ಹೋಗುತ್ತಿರಬೇಕು. ಹಳ್ಳಿಯ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ, ಬೇರೆಡೆ 96,000 ರೂಪಾಯಿ ಮೀರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಪರಿಶೀಲಿಸುತ್ತದೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ ಮಂಜೂರು ಮಾಡುತ್ತದೆ.

ಎರಡನೆಯದು ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. 2016ರ ಜನವರಿ 15ರಂದು ಜಾರಿಗೆ ಬಂದ ಬಾಲನ್ಯಾಯ ಕಾಯ್ದೆ, ಮಗುವನ್ನು ಸಂಸ್ಥೆಗೆ ಸೇರಿಸುವುದು ಬೇರೆಲ್ಲ ದಾರಿ ಮುಗಿದ ಮೇಲಿನ ಕೊನೆಯ ಕ್ರಮವಾಗಿರಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ, ಬಡತನವೊಂದೇ ಕಾರಣವಾಗಿ ಮಗುವನ್ನು ಮನೆಯಿಂದ ಬೇರ್ಪಡಿಸುವುದು ಆ ಕಾಯ್ದೆಯ ಉದ್ದೇಶಕ್ಕೇ ವಿರುದ್ಧ. ಹಾಗಿದ್ದರೂ ವಿಚಾರಣೆ ಮುಗಿಯುವವರೆಗೆ ಎಂದು ಮಕ್ಕಳನ್ನು ಬಾಲಮಂದಿರಕ್ಕೆ ಕಳಿಸಿದ ಪ್ರಕರಣಗಳಿವೆ. ಅಂಥದೊಂದು ಆದೇಶಕ್ಕೆ ನಾನೇ ಸಹಿ ಹಾಕಿದ್ದೇನೆ. ನಿಮ್ಮಂತೆಯೇ ಒಬ್ಬ ಅಜ್ಜಿ ವೈರಿನ ಬುಟ್ಟಿಯಲ್ಲಿ ಕಾಗದಗಳನ್ನು ತುಂಬಿಕೊಂಡು ಬಂದಿದ್ದರು. ಮರಣ ಪ್ರಮಾಣಪತ್ರದಲ್ಲಿ ಮಗನ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇತ್ತು. ಕಾಗದ ಸರಿಯಾಗಲಿ, ಅಲ್ಲಿಯವರೆಗೆ ಮಕ್ಕಳು ಸುರಕ್ಷಿತವಾಗಿರಲಿ ಎಂದುಕೊಂಡು ನಾವು ಅಕ್ಕನನ್ನು ಬಾಲಕಿಯರ ಬಾಲಮಂದಿರಕ್ಕೂ ತಮ್ಮನನ್ನು ಬಾಲಕರ ಬಾಲಮಂದಿರಕ್ಕೂ ಕಳಿಸಿದೆವು. ಮೂರು ವಾರಗಳ ನಂತರ ನಾನು ನೋಡಲು ಹೋದಾಗ ಎಂಟು ವರ್ಷದ ಆ ಹುಡುಗ ಅಕ್ಕನ ಸಮವಸ್ತ್ರದ ವೇಲನ್ನು ನಾಲ್ಕು ಮಡಿಕೆ ಮಾಡಿ ತಲೆದಿಂಬಿನ ಒಳಗೆ ತೂರಿಸಿಕೊಂಡು ಮಲಗುತ್ತಿದ್ದ. ಹೆಸರಿನ ತಿದ್ದುಪಡಿ ಮಕ್ಕಳು ಅಜ್ಜಿಯ ಮನೆಯಲ್ಲಿದ್ದಾಗಲೇ ಆಗಬಹುದಾಗಿದ್ದ ಕೆಲಸವಾಗಿತ್ತು. ಆ ನಂತರ ಕಾಗದದ ಕೊರತೆಗೆ ಮಗುವನ್ನು ಮನೆಯಿಂದ ಹೊರಗೆ ಕಳಿಸುವ ಯಾವ ಆದೇಶಕ್ಕೂ ನಾನು ಒಪ್ಪಿಗೆ ಕೊಟ್ಟಿಲ್ಲ.

ಇದನ್ನು ಹೇಳಲು ಕಾರಣವಿದೆ. ನಿಮ್ಮ ಮೂವರನ್ನು ಸಂಸ್ಥೆಗೆ ಸೇರಿಸಿದರೆ ಸಾಮಾನ್ಯವಾಗಿ ದೊಡ್ಡವಳು ಒಂದು ಕಡೆ, ಹುಡುಗ ಇನ್ನೊಂದು ಕಡೆ, ಆರು ವರ್ಷದೊಳಗಿನ ಚಿಕ್ಕವಳು ಮತ್ತೊಂದು ಕಡೆ ಇರಬೇಕಾಗುತ್ತದೆ. ಬಾಲಮಂದಿರಗಳಲ್ಲಿ ಊಟ, ಬಟ್ಟೆ, ಶಾಲೆ ಎಲ್ಲವೂ ಸಿಗುತ್ತವೆ, ನಿಜವಾಗಿಯೂ ಯಾರೂ ಇಲ್ಲದ ಅಥವಾ ಮನೆಯಲ್ಲೇ ಹಿಂಸೆಗೆ ಒಳಗಾದ ಮಗುವಿಗೆ ಅವು ಬೇಕೇ ಬೇಕು. ನಿಮ್ಮ ಮನೆಯ ಸಮಸ್ಯೆ ಅದಲ್ಲ. ಆದ್ದರಿಂದ ನೀವು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋದಾಗ "ಸಹಾಯ ಮಾಡಿ" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. "ಮಕ್ಕಳು ನನ್ನ ಹತ್ತಿರವೇ ಇರಬೇಕು, ನನ್ನನ್ನು ಯೋಗ್ಯ ವ್ಯಕ್ತಿ ಎಂದು ಪರಿಗಣಿಸಿ ಮಕ್ಕಳನ್ನು ನನ್ನ ವಶದಲ್ಲಿ ಉಳಿಸಿ, ಪ್ರಾಯೋಜಕತ್ವಕ್ಕೆ ಆದೇಶ ಮಾಡಿ" ಎಂದು ಬರೆಸಿದ ಅರ್ಜಿಯನ್ನು ಕೊಡಿ. ಈ ಎರಡೂ ಆದೇಶಗಳನ್ನು ಮಾಡುವ ಅಧಿಕಾರ ಸಮಿತಿಗೆ ಇದೆ. ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ 15 ದಿನದೊಳಗೆ ವರದಿ ಕೊಡಬೇಕು. ಸಮಿತಿಯ ಆದೇಶ ನಿಮಗೆ ವಿರುದ್ಧವಾಗಿ ಬಂದರೆ ಮೇಲ್ಮನವಿ ಸಲ್ಲಿಸಲು 30 ದಿನಗಳ ಕಾಲಾವಕಾಶ ಇರುತ್ತದೆ.

ನಿಮ್ಮ ಪ್ರಕರಣದಲ್ಲಿ ಒಂದು ತೊಡಕಿದೆ. ಮಕ್ಕಳ ತಾಯಿ ಬದುಕಿದ್ದಾರೆ. ಹಾಗಾಗಿ ಮಕ್ಕಳು ಕಾನೂನಿನ ಕಣ್ಣಿನಲ್ಲಿ ಅನಾಥರಲ್ಲ, ತಂದೆಯ ನಂತರ ತಾಯಿಯೇ ಸಹಜ ಪೋಷಕಿ. ಅಜ್ಜಿ ಎಷ್ಟೇ ವರ್ಷ ಸಾಕಿದರೂ ಆ ಸ್ಥಾನ ತಾನಾಗಿ ಬರುವುದಿಲ್ಲ. "ಸೊಸೆ ಬಿಟ್ಟು ಓಡಿಹೋದಳು ಎಂದು ಬರೆದರೆ ಬೇಗ ಆಗುತ್ತದೆ" ಎಂದು ನಿಮಗೆ ಯಾರಾದರೂ ಸಲಹೆ ಕೊಡಬಹುದು. ದಯವಿಟ್ಟು ಹಾಗೆ ಬರೆಸಬೇಡಿ. ಗೊತ್ತಿರುವುದು ಫೋನ್ ಬಂದ್ ಆಗಿದೆ ಎಂಬುದಷ್ಟೇ. ಕಾಯಿಲೆ, ಸಾಲ, ಕೆಲಸ ಕಳೆದುಕೊಂಡ ನಾಚಿಕೆ, ಯಾರದೋ ಹಿಡಿತ, ಹೀಗೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಮೌನವಾಗುವುದಕ್ಕೆ ನಾನು ಕಂಡ ಕಾರಣಗಳು ಹಲವು. ಆಕೆ ಅಪಾಯದಲ್ಲಿರುವ ಸಾಧ್ಯತೆಯೂ ಇದೆ. ನಿಮ್ಮ ಹತ್ತಿರದ ಪೊಲೀಸ್ ಠಾಣೆಯಲ್ಲಿ ಕಾಣೆಯಾದ ಬಗ್ಗೆ ದೂರು ಕೊಡಿ. ಅದರ ಪ್ರತಿ ಸಮಿತಿಯ ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಆಕೆ ಸಿಕ್ಕಿದರೆ ವಿಧವೆಯ ಮಕ್ಕಳೆಂಬ ಕಾರಣಕ್ಕೇ ಪ್ರಾಯೋಜಕತ್ವಕ್ಕೆ ದಾರಿ ಸುಲಭವಾಗುತ್ತದೆ, ಆಕೆಯ ವಿಧವಾ ವೇತನಕ್ಕೂ ಅರ್ಜಿ ಹಾಕಬಹುದು.

ಬಾಂಡ್ ಪೇಪರಿನ ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಹೇಳಬೇಕು. ಮಗುವನ್ನು ದತ್ತು ಕೊಡುವ ಅಧಿಕಾರ ಅಜ್ಜಿಗೆ ಇಲ್ಲ, ನೋಟರಿ ಮುದ್ರೆ ಬಿದ್ದ ಕಾಗದ ಅದನ್ನು ತಂದುಕೊಡುವುದೂ ಇಲ್ಲ. ಅದರ ಮೇಲೆ ಹಣವೇನಾದರೂ ಕೈ ಬದಲಾಯಿಸಿದರೆ ಅದು ಮಗುವಿನ ಮಾರಾಟ ಎನಿಸಿಕೊಳ್ಳುತ್ತದೆ, ಕೊಟ್ಟವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಶಿಕ್ಷೆಯಿದೆ. ಆ ದಂಪತಿ ಒಳ್ಳೆಯವರೇ ಇರಬಹುದು. ಅವರಿಗೆ ಮಗು ಬೇಕಿದ್ದರೆ ಕೇಂದ್ರೀಯ ದತ್ತು ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡು ಸರದಿಗೆ ಕಾಯಲಿ. ಹೆತ್ತ ತಾಯಿಯೇ ಸಮಿತಿಯ ಮುಂದೆ ಬಂದು ಮಗುವನ್ನು ಒಪ್ಪಿಸಿದರೂ ಮನಸ್ಸು ಬದಲಾಯಿಸಲು ಕಾನೂನು ಆಕೆಗೆ ಎರಡು ತಿಂಗಳು ಕೊಡುತ್ತದೆ. ಬಾಂಡ್ ಪೇಪರಿನ ವ್ಯವಹಾರದಲ್ಲಿ ಆ ಎರಡು ತಿಂಗಳು ಯಾರಿಗೂ ಸಿಗುವುದಿಲ್ಲ, ನಾಳೆ ಸೊಸೆ ಬಂದು "ನನ್ನ ಮಗು ಎಲ್ಲಿ" ಎಂದು ಕೇಳಿದಾಗ ಉತ್ತರ ಹೇಳಬೇಕಾದವರು ನೀವೇ.

ದೊಡ್ಡವಳ ಮದುವೆ ಆಗಕೂಡದು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಮಾಡಿಸಿದ ಹಿರಿಯರು ಅಪರಾಧಿಗಳು. ಮೈದುನರಿಗೆ ಕಾನೂನಿನ ಮಾತಿಗಿಂತ ನಾಟುವ ಇನ್ನೊಂದು ಮಾತಿದೆ: ಅವಳು ಶಾಲೆ ಬಿಟ್ಟರೆ ಅವಳ ಹೆಸರಿನ ನಾಲ್ಕು ಸಾವಿರವೂ ನಿಲ್ಲುತ್ತದೆ. ಮನೆಯಲ್ಲಿ ಒತ್ತಡ ಹೆಚ್ಚಾದರೆ ಹುಡುಗಿಯೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಆ ಸಂಖ್ಯೆ ಅವಳಿಗೆ ಬಾಯಿಪಾಠವಾಗಿರಲಿ. ಕಾಸಿಲ್ಲದ ಕರೆ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು. ಅವಳ ಮಟ್ಟಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯವೂ ಒಂದು ದಾರಿ. ಅಲ್ಲಿದ್ದು ಹತ್ತನೇ ತರಗತಿ ಮುಗಿಸಬಹುದು, ರಜೆಗೆ ಮನೆಗೆ ಬರಬಹುದು, ಅದು ಬಾಲಮಂದಿರದಂತೆ ಸಮಿತಿಯ ಆದೇಶದ ಮೇಲೆ ನಡೆಯುವ ಜಾಗವಲ್ಲ. ಆದರೆ ಈಗ ತಂಗಿಯ ಜಡೆ ಹಾಕುವವಳೂ ತಮ್ಮನ ಪಾಠ ನೋಡುವವಳೂ ಬಹುಶಃ ಅವಳೇ ಇರಬೇಕು. ಅವಳು ಹೋದರೆ ನಿಮ್ಮ ಮೇಲಿನ ಭಾರ ಹೆಚ್ಚುತ್ತದೆ, ಅವಳು ಇದ್ದರೆ ಅವಳ ಓದಿನ ಹೊತ್ತು ಕರಗುತ್ತದೆ. ಇದನ್ನು ಅವಳನ್ನೇ ಕೇಳಿ ತೀರ್ಮಾನಿಸಿ.

ಹುಡುಗನ ಟಿಸಿಯ ವಿಷಯ ಸಣ್ಣದೆಂದು ತೋರಿದರೂ ನಿಮ್ಮ ಇಡೀ ಅರ್ಜಿ ಅದರ ಮೇಲೆ ನಿಂತಿದೆ. ಹಾಜರಿಯಲ್ಲಿ ಹೆಸರಿಲ್ಲದಿದ್ದರೆ ವ್ಯಾಸಂಗ ಪ್ರಮಾಣಪತ್ರ ಸಿಗುವುದಿಲ್ಲ, ಅದಿಲ್ಲದೆ ಪ್ರಾಯೋಜಕತ್ವವೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದಕ್ಕೆ ಸಂಶಯಕ್ಕೆಡೆಯಿಲ್ಲದ ಉತ್ತರವಿದೆ: ಟಿಸಿ ತಡವಾಯಿತೆಂಬ ಕಾರಣಕ್ಕೆ ದಾಖಲಾತಿಯನ್ನು ತಡೆಯುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ. ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ಒಂದು ಮನವಿ ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಡಿ. ನನ್ನ ಅನುಭವದಲ್ಲಿ ಸ್ವೀಕೃತಿ ಸಹಿ ಕೇಳಿದ ಕೂಡಲೇ ಅರ್ಧ ತೊಡಕು ಬಿಡಿಸಿಕೊಳ್ಳುತ್ತದೆ.

ನೀವು ಕೇಳದೇ ಇದ್ದ, ಆದರೆ ಎಲ್ಲಕ್ಕಿಂತ ತುರ್ತಾದ ಒಂದು ವಿಷಯವಿದೆ. ಮಗ ಕೆಲಸದ ಜಾಗದಲ್ಲಿ ಬಿದ್ದು ತೀರಿಕೊಂಡಿದ್ದಾನೆ ಎಂದಿದ್ದೀರಿ, ಪರಿಹಾರದ ಮಾತೇ ಪತ್ರದಲ್ಲಿಲ್ಲ. ಕೆಲಸ ಮಾಡುತ್ತಾ ಸತ್ತ ಕಾರ್ಮಿಕನ ಹೆಂಡತಿ, ಚಿಕ್ಕ ಮಕ್ಕಳು ಮತ್ತು ವಿಧವೆಯಾದ ತಾಯಿ ಪರಿಹಾರಕ್ಕೆ ಹಕ್ಕುದಾರರು. ಅಂದರೆ ನೀವೂ ಹಕ್ಕುದಾರರು. ಈ ಅರ್ಜಿಯನ್ನು ಎರಡು ವರ್ಷದೊಳಗೆ ಸಲ್ಲಿಸಬೇಕು. ತಡವಾದರೆ ಕಾರಣ ತೋರಿಸಿ ಕೇಳಬಹುದಾದರೂ ಆ ಪರಿಸ್ಥಿತಿಗೆ ಹೋಗುವುದೇಕೆ? ನಿಮ್ಮ ಲೆಕ್ಕದಲ್ಲಿ ಇನ್ನು ಆರು ತಿಂಗಳು ಉಳಿದಿದೆ. ಅವನ ಹೆಸರಿನಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್, ನಮ್ಮ ಜನ ಲೇಬರ್ ಕಾರ್ಡ್ ಎನ್ನುವುದು, ಇತ್ತೇ ಎಂದು ಹುಡುಕಿ. ಇದ್ದರೆ ಮಂಡಳಿಯಿಂದಲೂ ನೆರವಿದೆ. ಕಾರ್ಡ್ ಇಲ್ಲದಿದ್ದರೂ ಕೆಲಸ ಕೊಟ್ಟವರ ಹೊಣೆ ತಪ್ಪುವುದಿಲ್ಲ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, 15100ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಮರಣ ಪ್ರಮಾಣಪತ್ರ, ಆಸ್ಪತ್ರೆಯ ಚೀಟಿ, ಪೊಲೀಸ್ ದೂರಿನ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಜೊತೆಗೆ ಕೆಲಸ ಮಾಡುತ್ತಿದ್ದವರ ಹೆಸರು, ಇವುಗಳಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ಕಡೆ ಇಡಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಇಷ್ಟೊಂದು ಯೋಜನೆಗಳಿದ್ದರೂ ಒಂದೂ ನಿಮ್ಮ ಮನೆಗೆ ಬರಲಿಲ್ಲ ಏಕೆ? ನಿಜ ಹೇಳಬೇಕೆಂದರೆ ಒಂದು ಬಂದಿದೆ, ಚಿಕ್ಕವಳು ದಿನಾ ಹೋಗುವ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕ್‌ಗಳಲ್ಲಿ, ನಮ್ಮ ರಾಜ್ಯದಲ್ಲಿ ತಿ. ನರಸೀಪುರದಲ್ಲಿ, ಶುರುವಾದ ಆ ಯೋಜನೆ ಐವತ್ತು ವರ್ಷಗಳಲ್ಲಿ ಹಳ್ಳಿಹಳ್ಳಿಗೂ ತಲುಪಿದೆ. ಹಸಿವು ಮತ್ತು ಚುಚ್ಚುಮದ್ದು ಅಂದಿನ ದೊಡ್ಡ ಚಿಂತೆಯಾಗಿದ್ದವು, ಅದಕ್ಕೆ ತಕ್ಕ ವ್ಯವಸ್ಥೆ ಕಟ್ಟಲಾಯಿತು. ಕುಟುಂಬವೇ ಒಡೆಯುವ ಸ್ಥಿತಿಯಲ್ಲಿರುವ ಮಗುವಿಗಾಗಿ ದೇಶವ್ಯಾಪಿ ಯೋಜನೆ ಬಂದದ್ದು 2009ರಲ್ಲಿ. ಅದರ ಕಚೇರಿ ಇಂದಿಗೂ ಇರುವುದು ಜಿಲ್ಲಾ ಕೇಂದ್ರದಲ್ಲಿ. ಮಗುವಿನ ಹೊಟ್ಟೆಗೆ ನಿಮ್ಮ ಬೀದಿಯಲ್ಲೇ ಒಬ್ಬ ಕಾರ್ಯಕರ್ತೆ ಇದ್ದಾರೆ, ಮಗುವಿನ ಮನೆ ಉಳಿಸಲು ನೀವು ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತಿ ದಾವಣಗೆರೆಗೆ ಹೋಗಬೇಕು. ಅಲ್ಲಿಗೆ ಹೋದ ಮೇಲೂ ಪಿಂಚಣಿ ಕಂದಾಯ ಇಲಾಖೆಯಲ್ಲಿ, ಟಿಸಿ ಶಿಕ್ಷಣ ಇಲಾಖೆಯಲ್ಲಿ, ಪರಿಹಾರ ಕಾರ್ಮಿಕ ಇಲಾಖೆಯಲ್ಲಿ, ಪ್ರಾಯೋಜಕತ್ವ ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿ. ಒಂದೇ ಸಾವು, ನಾಲ್ಕು ಬಾಗಿಲು.

ಇದನ್ನು ಸರಿಪಡಿಸುವುದು ಅಸಾಧ್ಯವಲ್ಲ. ಅರ್ಜಿಗೆ ಕಾಯದೆ ವೃದ್ಧಾಪ್ಯ ವೇತನ ಮಂಜೂರು ಮಾಡುವ ಪ್ರಯತ್ನ ನಮ್ಮ ರಾಜ್ಯದಲ್ಲೇ ನಡೆದಿದೆ, ಪಡಿತರ ಚೀಟಿಯ ಆಧಾರದ ಮೇಲೆ ಕುಟುಂಬಗಳ ದತ್ತಾಂಶವೂ ಇದೆ. ಚಿಕ್ಕ ಮಕ್ಕಳ ತಂದೆಯೊಬ್ಬ ಸತ್ತನೆಂದು ಮರಣ ನೋಂದಣಿಯಾದ ದಿನವೇ ಆ ಸುದ್ದಿ ಅಂಗನವಾಡಿ ಕಾರ್ಯಕರ್ತೆಗೂ ಜಿಲ್ಲಾ ಘಟಕಕ್ಕೂ ಹೋದರೆ, ವಿಧವಾ ವೇತನ ಮತ್ತು ಪ್ರಾಯೋಜಕತ್ವದ ಕಾಗದಗಳು ಒಂದೇ ಮನೆ ಭೇಟಿಯಲ್ಲಿ ತಯಾರಾಗಬಹುದು. ಆದಾಯದ ಮಿತಿಯನ್ನೂ ಬದಲಾಯಿಸಬೇಕು. 2025-26ರಲ್ಲಿ ಕರ್ನಾಟಕಕ್ಕೆ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಅದೇ ದರದಲ್ಲಿ ಮನೆಯ ಒಬ್ಬರು ವರ್ಷಕ್ಕೆ 195 ದಿನ ದುಡಿದರೆ ಗಳಿಕೆ 72,000 ದಾಟುತ್ತದೆ. ಮೂರು ಮಕ್ಕಳನ್ನು ಸಾಕಲು ವರ್ಷದಲ್ಲಿ ಆರೂವರೆ ತಿಂಗಳು ಕೂಲಿಗೆ ಹೋದ ವಿಧವೆಯನ್ನು ಅನುಕೂಲಸ್ಥಳೆಂದು ಹೊರಗಿಡುವ ಮಿತಿ ಯಾವ ನ್ಯಾಯ? ಮಂಜೂರಾದ ಹಣ ತಿಂಗಳು ತಿಂಗಳು ಬಾರದೆ ಹಲವು ತಿಂಗಳದ್ದು ಒಟ್ಟಿಗೆ ಬಂದದ್ದನ್ನೂ ನಾನು ಕಂಡಿದ್ದೇನೆ. ಆದ್ದರಿಂದ ಅದನ್ನು ನಂಬಿ ಸಾಲ ಮಾಡಬೇಡಿ. ಬಂದಾಗ ಮೊದಲು ರೇಷನ್ ಅಂಗಡಿಯಲ್ಲಿ ಸಿಗದ ಬೇಳೆ, ಎಣ್ಣೆಗೆ ಒಂದಿಷ್ಟು ತೆಗೆದಿಡಿ.

ಈಗ ಮಾಡಬೇಕಾದ್ದು. ಮೊದಲು ಅಂಗನವಾಡಿ ಟೀಚರಮ್ಮನ ಹತ್ತಿರ ಇದನ್ನೆಲ್ಲ ಹೇಳಿ. ಗ್ರಾಮ ಪಂಚಾಯಿತಿ ಮಟ್ಟದ ಮಕ್ಕಳ ರಕ್ಷಣೆಯ ಕಾವಲು ಸಮಿತಿಗೂ ಮೇಲ್ವಿಚಾರಕಿಗೂ ಅವರು ತಿಳಿಸಬಲ್ಲರು. ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಕೊಡಿ. ಮಕ್ಕಳ ಆಧಾರ್, ಜನನ ಪ್ರಮಾಣಪತ್ರ, ಪಡಿತರ ಚೀಟಿ, ಮಗನ ಮರಣ ಪ್ರಮಾಣಪತ್ರ ಇವುಗಳಲ್ಲಿ ಹೆಸರುಗಳು ಒಂದೇ ರೀತಿ ಇವೆಯೇ ಎಂದು ಪಕ್ಕದ ಮನೆ ಹುಡುಗಿಯಿಂದ ಅಕ್ಷರ ಅಕ್ಷರ ಓದಿಸಿ ನೋಡಿ. ಪ್ರತಿ ಮಗುವಿನ ಹೆಸರಿನಲ್ಲೂ ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಖಾತೆ ತೆರೆಯಲು ಕೇಳಿ. ಪೋಷಕರ ಸಹಿಯ ತೊಡಕು ಬಂದರೆ ಸಮಿತಿಯ ಆದೇಶದವರೆಗೆ ಅದನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸಿ. ಇದಕ್ಕೆಲ್ಲ ಹಣ ಕೊಡಿ, ನಾನು ಮಾಡಿಸಿಕೊಡುತ್ತೇನೆ ಎನ್ನುವವರು ಸಿಕ್ಕೇ ಸಿಗುತ್ತಾರೆ. ಪ್ರಾಯೋಜಕತ್ವದ ಅರ್ಜಿಗೆ ಶುಲ್ಕವಿಲ್ಲ.

ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮೊದಲ ಸಲ ಹೋಗುವಾಗ ಮಕ್ಕಳನ್ನು ಶಾಲೆ ಬಿಡಿಸಿ ಕರೆದೊಯ್ಯಬೇಡಿ. ಆ ದಿನ ಕಾಗದಗಳು ಸಾಕು, ಸಮಿತಿಯ ಮುಂದೆ ಮಕ್ಕಳು ಯಾವ ದಿನ ಬರಬೇಕೆಂದು ಅವರೇ ತಿಳಿಸುತ್ತಾರೆ. ಆ ದಿನ ಸಾಧ್ಯವಾದರೆ ಅಂಗನವಾಡಿ ಟೀಚರಮ್ಮನನ್ನೋ ದೊಡ್ಡವಳ ಶಾಲೆಯ ಮೇಷ್ಟ್ರೊಬ್ಬರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಈ ಅಜ್ಜಿಯ ಮನೆಯಲ್ಲಿ ಮಕ್ಕಳು ಚೆನ್ನಾಗಿದ್ದಾರೆ ಎಂದು ಅವರು ಹೇಳುವ ಎರಡು ಮಾತು ಸಮಿತಿಯವರಿಗೆ ನಿಮ್ಮ ಬುಟ್ಟಿಯ ಕಾಗದಗಳಷ್ಟೇ ಮುಖ್ಯವಾಗುತ್ತದೆ.